ಸೈಜ್ ಕೇಳಿದ್ರ ಏನ್ ಹೇಳ್ಲಿ

ಮೂವತ್ತಾರು ವರ್ಷ ತುಂಬಿದ ಗಂಡಸಿಗೆ ತನ್ನ ಅಂಗಿ ಸೈಜ್ ಗೊತ್ತಿಲ್ಲ ಅಂದ್ರ ನೀವು ನಂಬಾಕಿಲ್ಲ. ಹೋದ ವರ್ಷದ ತನಕ ನನಗ ಗೊತ್ತಿರ್ಲಿಲ್ಲ. ಬಳ್ಳಾರ್ಯಾಗ ಒಂದು ದೊಡ್ಡ ಬಟ್ಟಿ ಅಂಗಡಿಗೆ ಹೋಗಿದ್ವಿ. ಅಲ್ಲಿ ಕೆಲಸದವ ಬಂದು, "ಸರ್, ಸೈಜ್ ಎಷ್ಟ್ರಿ?" ಅಂತ ಕೇಳಿದ. ಇನ್ನ್ಯಾರನ್ನೋ ಕೇಳ್ಯಾನ ಅಂತ ನಾನು ಹಿಂದ ತಿರುಗಿ ನೋಡಿದೆ. ಹಿಂದ ತಲಿ ಇಲ್ಲದ ಒಂದು ಗೊಂಬಿ ನಿಂತಿತ್ತು. ಅದರ ಕೊಳ್ಳಾಗೂ ಒಂದು ಸೈಜಿನ ಚೀಟಿ ಇತ್ತು, ನನಗ ಇರ್ಲಿಲ್ಲ. ನನ್ನ ಹೆಂಡ್ತಿ ರೇಣುಕಾ ಕುರುಗೋಡಿನಾಕಿ, ಆಕಿಗೆ ಮುಚ್ಚಿಟ್ಟು ಮಾತಾಡಾಕ ಬರಂಗಿಲ್ಲ. "ನಲವತ್ತು ಕೊಡ್ರಿ, ಹೊಟ್ಟಿ ಐತಿ" ಅಂದ್ಲು.

ಅವ ಅಷ್ಟಕ್ಕ ಬಿಡ್ಲಿಲ್ಲ. ಯಾವ ಬಣ್ಣ ಸೇರ್ತೈತಿ ಅಂತ ಕೇಳಿದ. ಇದು ಮೊದಲಿನಕಿಂತ ಕಷ್ಟದ ಪ್ರಶ್ನಿ. ಸೈಜ್ ಟೇಪು ಹಿಡಿದು ನೋಡಬಹುದು, ಸೇರೋದನ್ನ ಯಾವ ಟೇಪಿನಾಗ ಅಳೀತೀರಿ? ಮೂವತ್ತಾರು ವರ್ಷದಾಗ ಅದನ್ನ ನನಗ ಯಾರೂ ಕೇಳಿದ್ದಿಲ್ಲ. ನಾನೂ ಕೇಳ್ಕೊಂಡಿದ್ದಿಲ್ಲ.

ಯಾಕಂದ್ರ ನಮ್ಮ ಮನಿಗೆ ಅಂಗಿ ಬರತಿದ್ದದ್ದ ಬ್ಯಾರೆ ದಾರಿಯಿಂದ. ನಮ್ಮೂರು ಸಿರುಗುಪ್ಪದಿಂದ ಹಚ್ಚೊಳ್ಳಿ ಕಡಿ ಹೋಗೋ ಹಾದ್ಯಾಗ ಐತಿ. ನಮ್ಮಪ್ಪ ಹನುಮಂತಪ್ಪ ಅಲ್ಲಿ ಒಂದು ದೊಡ್ಡ ಮನ್ಯಾಗ ಸಂಬಳದಾಳು. ಆ ಮನ್ಯಾಗ ಯಾರರ ತೀರಿಕೊಂಡ್ರ, ದಿನ ಎಲ್ಲಾ ಮುಗಿದ ಮ್ಯಾಲ ಅವ್ರ ಬಟ್ಟಿ ಒಂದು ಗಂಟು ಕಟ್ಟಿ ಅಪ್ಪನ ಕೈಯಾಗ ಕೊಡ್ತಿದ್ರು. ಬ್ಯಾರೆ ಮಕ್ಕಳು ಹೊಸ ಬಟ್ಟಿಗೆ ದೀಪಾವಳಿ ಕಾಯ್ತಿದ್ರು. ನಾನು ಆ ಮನ್ಯಾಗ ಯಾರು ಕೆಮ್ಮಾಕ ಹತ್ಯಾರ ಅಂತ ನೋಡ್ತಿದ್ದೆ.

ಬ್ಯಾರೇವ್ರ ಅಂಗ್ಯಾಗ ಬೆಳದವ್ರಿಗೆ ಒಂದು ವಿದ್ಯಾ ಬರ್ತೈತಿ, ಅದನ್ನ ಯಾವ ಸಾಲ್ಯಾಗೂ ಹೇಳಿಕೊಡಂಗಿಲ್ಲ. ಎಡಗಡಿ ಕಿಸೆ ಜೋತು ಬಿದ್ದಿದ್ರ ಆ ಮನುಷ್ಯಾ ಎಲಿ ಅಡಿಕಿ ಡಬ್ಬಿ ಇಟ್ಕೊತಿದ್ದ. ಬಲಗೈ ಮೊಣಕೈ ತೆಳ್ಳಗಾಗಿದ್ರ ಕಟ್ಟಿ ಮ್ಯಾಲ ಒರಗಿ ಇಸ್ಪೀಟು ಆಡ್ತಿದ್ದ. ಆ ಮನಿ ಮುದುಕ ಗೌಡನ ಅಂಗಿ ಬಂದಾಗ ಪಕ್ಕದ ಹೊಲಿಗಿ ಎರಡು ಸಲ ಒಳಗ ಹಿಡಿದಿದ್ರು. ಅವ ಸೊರಗಿದ್ದನ್ನ ಊರಾಗ ಯಾರಿಗೂ ಗೊತ್ತಾಗದಂಗ ಮುಚ್ಚಿಟ್ಟಿದ್ರು. ನನಗ ಆ ಹೊಲಿಗಿ ಹೇಳಿಬಿಟ್ತು. ಆಮ್ಯಾಲ ಅದೇ ಅಂಗಿ ನಮ್ಮಪ್ಪನ ಮೈಮ್ಯಾಲ ಬಂತು. ಅವನಿಗೆ ಒಳಗ ಹಿಡಿಯೋದು ಏನೂ ಬೇಕಾಗ್ಲಿಲ್ಲ.

ನಮ್ಮ ಕೇರಿ ಮುಂದ ನೀಲಿ ಕೋಟು ಹಾಕ್ಕೊಂಡು, ಕೈಯಾಗ ಪುಸ್ತಕ ಹಿಡ್ಕೊಂಡು ನಿಂತ ಮೂರ್ತಿ ಐತಿ. ಅವರು ಯಾರಂತ ನಿಮಗ ಹೇಳಬೇಕಾಗಿಲ್ಲ. ಸಣ್ಣಾಂವ ಇದ್ದಾಗ ನನಗ ಆ ಪುಸ್ತಕದಕಿಂತ ಕೋಟಿನ ಮ್ಯಾಲ ಕಣ್ಣಿತ್ತು. ಭುಜಕ್ಕ ಎಷ್ಟು ಸರಿ ಕುಂತೈತಿ, ತೋಳು ಎಷ್ಟು ಬೇಕೋ ಅಷ್ಟ ಐತಿ. ನಮ್ಮ ಇಡೀ ಕೇರ್ಯಾಗ ಅಳತಿ ಕೊಟ್ಟು ಹೊಲಿಸಿದ ಬಟ್ಟಿ ಮೈಮ್ಯಾಲ ಇದ್ದದ್ದು ಅವರೊಬ್ಬರಿಗೆ.

ಈಗ ಒಂದು ತಪ್ಪು ಒಪ್ಕೋಬೇಕು. ದೊಡ್ಡ ಮನ್ಯಾಗ ನನ್ನ ಓರಗಿ ಹುಡುಗ ಒಬ್ಬ ಇದ್ದ, ಶರಣ ಅಂತ. ಅವಂದು ಒಂದು ನೀಲಿ ಚೌಕಡಿ ಅಂಗಿ ಇತ್ತು, ಎದಿ ಮ್ಯಾಲ ಎರಡೂ ಕಡಿ ಮುಚ್ಚಳ ಇದ್ದ ಕಿಸೆ. ಆ ಅಂಗಿ ನನಗ ಬರ್ಲಿ ಅಂತ ನಾನು ದೇವ್ರಿಗೆ ಬೇಡ್ಕೊಂಡಿದ್ದೆ. ಆ ಮನಿಯಿಂದ ಅಂಗಿ ಬರೋ ದಾರಿ ಒಂದ ಅಂತ ನನಗ ಗೊತ್ತಿತ್ತು. ಗೊತ್ತಿದ್ದೂ ಬೇಡ್ಕೊಂಡಿದ್ದೆ. ಆ ಬ್ಯಾಸಗಿ ಶರಣ ಕಾಲುವ್ಯಾಗ ಈಸಾಕ ಹೋಗಿ ತಿರುಗಿ ಬರ್ಲಿಲ್ಲ. ಇಬ್ಬರಿಗೂ ಆಗ ಹನ್ನೆರಡು.

ಅಂಗಿ ಬಂತು. ಸಾಲಿ ಚಾಲೂ ಆದ ಮೊದಲನೇ ವಾರ ಅದನ್ನ ಹಾಕ್ಕೊಂಡು ದೊಡ್ಡ ಮನಿ ಮುಂದ ಹೊಂಟಿದ್ದೆ. ಹಿಂದಿನಿಂದ ಒಬ್ಬಾಕಿ, "ಶರಣಾ" ಅಂತ ಕರೆದ್ಲು. ಶರಣನ ಅವ್ವ. ನಾನು ತಿರುಗಿ ನೋಡಿದೆ. ಆಕಿ ನನ್ನ ಮಾರಿ ನೋಡಿದ್ಲು. ಬಾಗಲದ ಚೌಕಟ್ಟು ಹಿಡ್ಕೊಂಡು ಹಂಗ ಕೆಳಗ ಕುಂತ್ಲು.

ಸಂಜಿಮುಂದ ಅಪ್ಪ ಬಂದವ್ನ ನನ್ನ ಮೈಮ್ಯಾಲಿನ ಅಂಗಿ ಬಿಚ್ಚಿಸಿದ. ಅವ್ವನ ಕೈಲೆ ಒಗಿಸಿ, ಮರುದಿನ ಮಡಿಚಿ ಒಯ್ದು ದೊಡ್ಡ ಮನಿಗೆ ವಾಪಸ್ ಕೊಟ್ಟು ಬಂದ. ಯಾರೂ ಕೇಳಿದ್ದಿಲ್ಲ. ತಾನಾಗೇ ಕೊಟ್ಟ. ನನ್ನ ಕಡಿ ಇದ್ದ ಇನ್ನೊಂದು ಅಂಗಿಗೆ ಬೆನ್ನ ಇರ್ಲಿಲ್ಲ. ಎರಡು ದಿನ ಸಾಲಿಗೆ ಹೋಗ್ಲಿಲ್ಲ, ಒಂದು ವಾರ ಹೋಗ್ಲಿಲ್ಲ, ಆಮ್ಯಾಲ ಹೋಗೋದ ನಿಂತುಬಿಟ್ತು. ಸಾಲಿ ಬಿಡಾಕ ದೊಡ್ಡ ಕಾರಣ ಏನೂ ಬೇಕಾಗಿಲ್ಲರಿ.

ಹದಿನಾಲ್ಕಕ್ಕ ಬಳ್ಳಾರಿಗೆ ಬಂದು ಜೀನ್ಸ್ ಹೊಲಿಯೋ ಒಂದು ಶೆಡ್ಡಿನ್ಯಾಗ ದಾರ ಕತ್ತರಸೋ ಕೆಲಸಕ್ಕ ಸೇರಿದೆ. ಕಂಡ ಕಂಡವ್ರ ಪ್ಯಾಂಟಿನ ದಾರ ಕತ್ತರಿಸಿದೆ, ಒಂದನ್ನೂ ಕಾಲಿಗೆ ಏರಿಸ್ಲಿಲ್ಲ. ಇಪ್ಪತ್ತೈದಕ್ಕ ಹತ್ತನೇದು ಕಟ್ಟಿದೆ. ಪರೀಕ್ಷಾ ಹಾಲಿನ್ಯಾಗ ಹುಡುಗ್ರು ನನ್ನನ್ನ ಮೇಷ್ಟ್ರು ಅನ್ಕೊಂಡು ಎದ್ದು ನಿಂತ್ರು. ಮುಂದ ಪಿಯುಸಿ, ಡಿಗ್ರಿ, ಎಲ್ಲಾ ಹೊರಗಿನಿಂದ ಕಟ್ಟಿದ್ದು. ಮೂವತ್ಮೂರಕ್ಕ ಒಂದು ಕಾಲೇಜಿನ ಲೈಬ್ರರ್ಯಾಗ ಪುಸ್ತಕ ಕೊಡೋ ಕೆಲಸ ಸಿಕ್ತು. ಅಪ್ಪನ ಜೋಡಿ ಮಾತಾಡ್ತಿದ್ದೆ, ಮಳಿ ಬೆಳಿ ಕೇಳ್ತಿದ್ದೆ. ಆ ಅಂಗಿ ವಿಷಯ ಮಾತ್ರ ಇಪ್ಪತ್ನಾಲ್ಕು ವರ್ಷ ಇಬ್ಬರೂ ಎತ್ತಿರ್ಲಿಲ್ಲ. ನನ್ನ ಒಳಗ ಅದು ಇಸ್ತ್ರಿ ಮಾಡಿ ಇಟ್ಟಂಗ, ಮಡಿಕಿ ಬಿಚ್ಚದನ ಇತ್ತು.

ಅಲ್ಲೀತನಕ ಯಾರರ ಕೊಟ್ಟದ್ದ, ರೇಣುಕಾ ತಂದದ್ದ ಹಾಕ್ಕೋತಿದ್ದೆ. ಹೋದ ವರ್ಷ ಆ ಬಟ್ಟಿ ಅಂಗಡಿಯಿಂದ ಬಂದ ಮ್ಯಾಲ ರೇಣುಕಾ, "ಇನ್ನರ ನಿಮಗ ಬೇಕಾದ್ದು ಹಾಕ್ಕೋರಿ" ಅಂದ್ಲು. ಬೇಕಾದ್ದು ಯಾವುದು ಅಂತ ಹುಡುಕಾಕ ಸುರು ಮಾಡಿದೆ. ಮೊದಲ ಜೀನ್ಸ್ ಹಾಕ್ಕೊಂಡೆ. ದಿನಾಪೂರ್ತಿ ನನ್ನ ಕಾಲಾಗಿನ ದಾರ ನಾನ ಹುಡುಕ್ತಿದ್ದೆ. ಬಿಳಿ ಅಂಗಿ ಬಿಳಿ ಪ್ಯಾಂಟು ಹಾಕ್ಕೊಂಡು ಸಿರುಗುಪ್ಪ ಬಸ್ಸು ಹತ್ತಿದ್ರ, ಒಬ್ಬ ಅಜ್ಜ ಜಾಗಾ ಬಿಟ್ಟುಕೊಟ್ಟು ತನಗಿನ್ನೂ ಮನಿ ಮಂಜೂರಾಗಿಲ್ಲ ಅಂತ ಅರ್ಜಿ ತಗದ. ಅಂಗಿ ಒಳಗ ಸಿಗಿಸಿ ಬೆಲ್ಟು ಕಟ್ಟಿದ್ರ ಓಣ್ಯಾಗ ಇಬ್ಬರು ನನ್ನ ನೋಡಿ ಬಾಗಲಾ ಹಾಕ್ಕೊಂಡ್ರು, ಪಾಲಿಸಿ ಮಾಡಸಾಂವ ಅಂತ. ಕಾಲರ್ ಇಲ್ಲದ ಉದ್ದನ ಜುಬ್ಬಾ ಹಾಕ್ಕೊಂಡ ದಿನ ನಮ್ಮ ಲೈಬ್ರರಿಯನ್ ಮೇಡಂ, ಎಲ್ಲಿ ಭಾಷಣ ಐತಿ ಅಂತ ಕೇಳಿದ್ರು. ಕರೇ ಅಂಗಿ ಹಾಕ್ಕೊಂಡಾಗ ಒಬ್ಬ ನಮಸ್ಕಾರ ಮಾಡಿ, ಈ ಸಲ ಮಾಲಿ ಹಾಕೀರೇನು ಸ್ವಾಮಿ ಅಂದ.

ನಗು ಬರ್ತೈತಿ, ಖರೆ. ಆದ್ರ ಪ್ರತಿ ಸಲ ನಾನು ಯಾರದೋ ಅಂಗ್ಯಾಗ ಅದೀನಿ ಅನಸ್ತಿತ್ತು. ರೊಕ್ಕ ಕೊಟ್ಟು ನಾನ ತಂದದ್ದು, ಆದ್ರೂ. ಬೀದ್ಯಾಗ ಹೋಗುವಾಗ ಹಿಂದಿನಿಂದ ಯಾರರ ಕರೆದ್ರ ಮೊದಲ ನನ್ನ ಅಂಗಿ ಮುಟ್ಟಿ ನೋಡ್ಕೋತಿದ್ದೆ. ಹಿಂಗಾಗಿ ನನಗ ಕನ್ನಡ್ಯಾಗ ಮುಂದಿನ ಭಾಗ ನೋಡ್ಕೊಂಡ್ರ ಸಾಲ್ತಿರ್ಲಿಲ್ಲ, ಬೆನ್ನು ಹೆಂಗ ಕಾಣ್ತೈತಿ ಅಂತ ರೇಣುಕಾನ್ನ ಕೇಳ್ತಿದ್ದೆ. "ಬೆನ್ನಿನಂಗ ಕಾಣ್ತೈತಿ" ಅಂತಿದ್ಲು.

ಕಡೀಕ ಆಕಿನ ದಾರಿ ಹೇಳಿದ್ಲು. ರೆಡಿಮೇಡ್ ಬಿಡ್ರಿ, ಅಳತಿ ಕೊಟ್ಟು ಹೊಲಿಸ್ರಿ, ಹೋಗುವಾಗ ಮಾವನ್ನೂ ಕರ್ಕೊಂಡು ಹೋಗ್ರಿ ಅಂದ್ಲು. ಹೋದ ವರ್ಷ ಶ್ರಾವಣದಾಗ ಅಪ್ಪನ್ನ ಸಿರುಗುಪ್ಪಕ್ಕ ಕರೆಸಿಕೊಂಡೆ. ಬಸ್ ಸ್ಟ್ಯಾಂಡ್ ಹಿಂದ ಮೌಲಾಸಾಬ ಅಂತ ಟೇಲರ್ ಅದಾನ, ವಯಸ್ಸಿನ್ಯಾಗ ಅಪ್ಪನ ಓರಗಿ. ಅವ ಟೇಪು ಹಿಡ್ಕೊಂಡು ಎದ್ದ ಕೂಡ್ಲೇ ಅಪ್ಪ ಎರಡೂ ಕೈ ಮ್ಯಾಲ ಎತ್ತಿ ನಿಂತ.

"ಕೈ ಇಳಸಪಾ ಯಜಮಾನ," ಅಂದ ಮೌಲಾಸಾಬ. "ನಾ ಟೇಲರ್ ಅದೀನಿ, ಪೊಲೀಸ್ ಅಲ್ಲ."

ಎಪ್ಪತ್ತು ವರ್ಷದಾಗ ಅಪ್ಪನ ಮೈ ಅಳದದ್ದು ಅದ ಮೊದಲು. ಟೇಪು ಎದಿಗೆ ಸುತ್ತಿದಾಗ ಉಸಿರು ಹಿಡ್ಕೊಂಡಿದ್ದ. ಮೌಲಾಸಾಬ ಪುಸ್ತಕದಾಗ ಹನುಮಂತಪ್ಪ ಅಂತ ಹೆಸರು ಬರೆದು ಎದಿ ಮೂವತ್ತಾರು ಅಂತ ಬರೆದ. ಅದರ ಕೆಳಗ ನನ್ನ ಹೆಸರು, ಮೂವತ್ತೆಂಟು.

ಬಟ್ಟಿ ಆರಸಾಕ ಹೇಳಿದ್ರ ಅಪ್ಪ ಅರ್ಧ ತಾಸು ತಗೊಂಡ. ಬಿಳೇದು ತೋರಿಸಿದ್ರ ಇದು ಮುದುಕ ಗೌಡಂದು ಅಂದ. ಹಳದಿ ಗೆರಿದು ತೋರಿಸಿದ್ರ ಅವನ ತಮ್ಮಂದು ಅಂದ. ಊರಿನ ಅಂಗಿ ಎಲ್ಲಾ ಅವನಿಗೆ ಹೆಸರು ಹಿಡಿದು ಗೊತ್ತಿದ್ವು. ಯಾರೂ ಹಾಕ್ಕೊಂಡಿರಬಾರ್ದು ಅಂಥಾದ್ದು ಕೊಡ್ರಿ ಅಂದ. ಕಡೀಕ ಮೂಲ್ಯಾಗಿದ್ದ ಗಿಳಿಹಸಿರು ಥಾನಿನ ಮ್ಯಾಲ ಕೈ ಇಟ್ಟ. ಅದನ್ನ ಯಾರೂ ಯಾಕ ಹಾಕ್ಕೊಂಡಿಲ್ಲ ಅಂತ ನೋಡಿದವ್ರಿಗೆ ತಿಳೀತಿತ್ತು. ಮೌಲಾಸಾಬ ನನ್ನ ಮಾರಿ ನೋಡಿದ. ನಾನು ಕತ್ತರಸ್ರಿ ಅಂದೆ.

ಕತ್ತರಿ ಬಟ್ಟ್ಯಾಗ ಓಡೋದನ್ನ ನೋಡ್ಕೋತ ಕುಂತಾಗ ನನಗ ಬಾಯಿ ಬಂತು.

"ಅಪ್ಪಾ, ಶರಣನ ಅಂಗಿ ಯಾಕ ವಾಪಸ್ ಕೊಟ್ಟಿ? ಅವ್ರು ಯಾರೂ ಕೇಳಿದ್ದಿಲ್ಲಲ."

ಅಪ್ಪ ಬಟ್ಟಿ ಮ್ಯಾಲಿನ ಕಣ್ಣು ತಗೀಲಿಲ್ಲ. "ಆಕಿ ಶರಣಾ ಅಂತ ಕರೆದಾಗ ನೀ ತಿರುಗಿ ನೋಡಿದೆಂತಲ್ಲೋ."

"ಹೂಂ, ನೋಡಿದೆ."

"ಸತ್ತ ಹುಡುಗನ ಹೆಸರು ಕರೆದ್ರ ನನ್ನ ಮಗ ತಿರುಗ್ತಾನ. ಕೇಳಿದ ಕೂಡ್ಲೇ ಅವನ ಸಾವು ನಿನಗೂ ಬಡಿದೀತು ಅಂತ ಹೆದರಿದೆ. ಅಂಗಿ ಹೋದ್ರ ಹೋಗ್ಲಿ, ನೀ ಉಳದ್ರ ಸಾಕು ಅನಿಸ್ತು." ಕತ್ತರಿಯಿಂದ ಬಿದ್ದ ಒಂದು ಹಸಿರು ಚೂರು ಎತ್ಕೊಂಡು ಅಂದ, "ಅದರ ಹಿಂದ ಸಾಲಿನೂ ಹೋಗ್ತೈತಿ ಅಂತ ನನಗ ತಿಳೀಲಿಲ್ಲಪಾ."

ಇಪ್ಪತ್ನಾಲ್ಕು ವರ್ಷ ಇಟ್ಕೊಂಡಿದ್ದ ಸಿಟ್ಟು. ಇಳಸಾಕ ಜಾಗಾ ಸಿಗ್ಲಿಲ್ಲ. ಇಬ್ಬರೂ ಚಾ ಕುಡಿದ್ವಿ.

ಗಿಳಿಹಸಿರು ಅಂಗಿ ಹಾಕ್ಕೊಂಡು ಅಪ್ಪ ಊರಾಗ ಅಡ್ಡಾಡಿದ. ಭತ್ತದ ಗದ್ದ್ಯಾಗ ನಿಂತ್ರ ಸಸಿ ಯಾವುದು ಅಪ್ಪ ಯಾವುದು ತಿಳೀವಲ್ದು ಅಂತ ಓರಗಿ ಮುದುಕರು ಚ್ಯಾಷ್ಟಿ ಮಾಡಿದ್ರು. ಗೌಡ್ರ ಮನ್ಯಾಗ ಯಾರು ಸತ್ರೋ, ಅಂತನೂ ಒಬ್ಬ ಕೇಳಿದ್ನಂತ. "ಯಾರೂ ಸತ್ತಿಲ್ಲ, ಇದು ನಂದು" ಅಂದ್ನಂತ ಅಪ್ಪ. ಅದನ್ನ ನನಗ ಫೋನಿನ್ಯಾಗ ಮೂರು ಸಲ ಹೇಳಿದ.

ಎಂಟು ತಿಂಗಳು ಹಾಕ್ಕೊಂಡ. ಈ ಬ್ಯಾಸಗ್ಯಾಗ ಒಂದು ಮಧ್ಯಾಹ್ನ ಬೇವಿನ ಗಿಡದ ಕೆಳಗ ಒರಗಿದಾಂವ ಏಳ್ಲಿಲ್ಲ. ನಾನು ಬಳ್ಳಾರಿಯಿಂದ ಹೋಗುಟ್ಲೆ ಕೇರಿ ಮಂದಿ ಕೂಡಿದ್ರು. ನೀರು ಹಾಕಿ, ಹೊಸ ಬಿಳಿ ಬಟ್ಟಿ ಹೊಚ್ಚೋದು ನಮ್ಮ ಪದ್ಧತಿ. ಬಿಚ್ಚಿಟ್ಟ ಗಿಳಿಹಸಿರು ಅಂಗಿ ಕಲ್ಲಿನ ಮ್ಯಾಲ ಇತ್ತು. ಕೇರಿ ಹಿರ್ಯಾ ದುರ್ಗಪ್ಪ ಕಾಕಾ ಅದನ್ನ ಕೈಯಾಗ ಹಿಡಿದು ನೋಡಿದ. ಒಳ್ಳೇ ಮನುಷ್ಯಾ, ಕೆಟ್ಟ ಬುದ್ಧಿಯಿಂದ ಅಂದದ್ದಲ್ಲ.

"ಅಂಗಿ ಇನ್ನೂ ಗಟ್ಟಿ ಐತಲೇ ತಮ್ಮಾ. ಯಾರಿಗರ ಆಗ್ತೈತಿ, ಇಟ್ಟುಬಿಡ್ರಿ."

ಎಲ್ಲಾರೂ ನನ್ನ ಕಡಿ ನೋಡಿದ್ರು. ಯಾರಿಗರ ಆಗ್ತೈತಿ ಅನ್ನೋ ಮಾತಿನ್ಯಾಗ ನಾನು ಬೆಳದಾಂವ. ಯಾರಿಗರ ಅಂದ್ರ ನಾನ ಇದ್ದೆ.

"ಬ್ಯಾಡ ಕಾಕಾ," ಅಂದೆ. "ಇದು ಯಾರಿಗೂ ಆಗಂಗಿಲ್ಲ. ಅವನ ಅಳತಿ ಕೊಟ್ಟು ಹೊಲಿಸಿದ್ದು."

ಅಂಗಿ ನಾನ ತೊಡಿಸಿದೆ. ಕೈ ಸೆಟೆದಿದ್ವು, ತೋಳು ಏರಸಾಕ ಹೊತ್ತು ಹಿಡೀತು. ದುರ್ಗಪ್ಪ ಕಾಕಾನ ಮತ್ತ ಮುಂದ ಬಂದು ಇನ್ನೊಂದು ಕಡಿ ಹಿಡಿದ. ಗುಂಡಿ ಒಂದೊಂದ ಹಾಕ್ಕೋತ ಬಂದು ಕಾಲರಿನ ಗುಂಡಿನೂ ಹಾಕಿದೆ, ಅಪ್ಪ ಅದನ್ನ ಬಿಡ್ತಿರ್ಲಿಲ್ಲ. ಬಿಳಿ ಬಟ್ಟಿ ಮ್ಯಾಲ ಹೊಚ್ಚಿದ್ವಿ. ಕೊಳ್ಳಿನ ಹಂತ್ಯಾಕ ಒಂದೀಟು ಹಸಿರು ಕಾಣ್ತಿತ್ತು. ಮಣ್ಣು ಹಾಕೋ ತನಕ ಕಾಣ್ತಿತ್ತು.

ಮೊನ್ನೆ ರೇಣುಕಾ ಮತ್ತ ಅದ ಬಟ್ಟಿ ಅಂಗಡಿಗೆ ಕರ್ಕೊಂಡು ಹೋದ್ಲು. ತಲಿ ಇಲ್ಲದ ಗೊಂಬಿ ಅಲ್ಲೇ ನಿಂತಿತ್ತು. ಕೆಲಸದವ ಬಂದು ಸೈಜ್ ಕೇಳಿದ. ಈ ಸಲ ಹಿಂದ ತಿರುಗಿ ನೋಡ್ಲಿಲ್ಲ. "ನಮ್ಮಪ್ಪನಕಿಂತ ಎರಡು ಇಂಚು ಜಾಸ್ತಿ" ಅಂದೆ. ಅವನಿಗೆ ಏನು ತಿಳೀತೋ, ನನ್ನ ಹೊಟ್ಟಿ ನೋಡಿ ನಲವತ್ತು ತಂದ. ಸರೀನ ಇತ್ತು. ಬಣ್ಣ ಯಾವುದು ಸರ್ ಅಂದ. ನನಗ ಸೇರೋದು ಯಾವುದಂತ ಇನ್ನೂ ಗೊತ್ತಾಗಿಲ್ಲ, ಹುಡುಕಾಕ ಹತ್ತೀನಿ, ಇನ್ನಾ ವಯಸ್ಸೈತಿ. ಅದಕ್ಕ ಯಾವುದಾದ್ರೂ ತೋರಸಪಾ, ಗಿಳಿಹಸಿರು ಒಂದು ಬಿಟ್ಟು ಅಂದೆ. ಅದು ನಮ್ಮ ಮನ್ಯಾಗ ಒಬ್ಬರದು ಐತಿ.