ಎಡ ಹೆಗಲಿನ ಬಂದೂಕು

ಲಂಡನ್ನಿನ ಹೇಸ್‌ನ ನಮ್ಮ ಸಾಲುಮನೆಯ ಮೆಟ್ಟಿಲ ಕೆಳಗೆ ಒಂದು ಗೂಡಿದೆ. ಅದರಲ್ಲಿ ಅಕ್ಕಿ ಚೀಲ, ವ್ಯಾಕ್ಯೂಮ್ ಕ್ಲೀನರ್, ಯಾರೂ ಹಾಕಿಕೊಳ್ಳದ ಮೂರು ಜೊತೆ ಗಮ್‌ಬೂಟು, ಇವುಗಳ ಹಿಂದೆ ಇಟ್ಟಿಗೆ ಗೋಡೆಗೆ ಬೋಲ್ಟು ಹಾಕಿ ಕೂರಿಸಿದ ಉಕ್ಕಿನ ಕಪಾಟು. ಕಪಾಟಿನಲ್ಲಿ ಬಂದೂಕಿದೆ; ನಮ್ಮ ಮನೆಯವರದಲ್ಲ, ನನ್ನದು. ಟೂಟಿಂಗಿನ ಹೋಟೆಲಿನಲ್ಲಿ ದೋಸೆ ತಿನ್ನುತ್ತಾ ಧಾರವಾಡದ ಗೆಳತಿಯೊಬ್ಬಳಿಗೆ ಈ ಸಂಗತಿ ಹೇಳಿದಾಗ ಅವಳು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಬಿಟ್ಟು, "ಅಯ್ಯ ನಮ್ಮವ್ವ! ಯಾರಿಗ್ ಹೊಡೀಲಿಕ್ಕೆ?" ಎಂದಳು. ಯಾರಿಗೂ ಅಲ್ಲ, ತಗಡಿನ ಹಲಗೆಗಳಿಗೆ ಎಂದೆ. ಅವಳು ನಂಬಿದಂತೆ ಕಾಣಲಿಲ್ಲ.

ನೀವಾದರೂ ನಂಬಿ. ನೂರಿಪ್ಪತ್ತು ವರ್ಷ ಹಿಂದಿನ ಅಮೆರಿಕದ ದನಗಾಹಿಗಳ ವೇಷ ತೊಟ್ಟು, ಆ ಕಾಲದ ಬಂದೂಕುಗಳ ನಕಲುಗಳಿಂದ, ಗಡಿಯಾರ ನೋಡಿಕೊಂಡು ಗುರಿ ಹೊಡೆಯುವ ಆಟವೊಂದಿದೆ. ಕೌಬಾಯ್ ಶೂಟಿಂಗ್ ಎನ್ನುತ್ತಾರೆ. ಈ ದೇಶದಲ್ಲಿ ಪಿಸ್ತೂಲುಗಳಿಗೆ ನಿಷೇಧ ಬಂದು ಕೆಲವು ವರ್ಷಗಳಾಗಿದ್ದರಿಂದ ಆಟದ ಭಾರವೆಲ್ಲ ಹೊಟ್ಟೆಯ ಕೆಳಗಿನ ಹಿಡಿ ಎಳೆದು ತೋಟೆ ಏರಿಸುವ ಲಿವರ್ ಬಂದೂಕಿನ ಮೇಲೆ ಬಿದ್ದಿತ್ತು. ಬರೀ ಕುದುರೆಗಳೇ ತುಂಬಿದ ಧಾರವಾಡದ ಟಾಂಗಾ ಸ್ಟ್ಯಾಂಡಿನ ಹತ್ತಿರ ಬೆಳೆದೂ ಒಂದು ದಿನವೂ ಕುದುರೆ ಹತ್ತದ ನಾನು ಇಲ್ಲಿ ಹೋಗಿ ಸೇರಿದ್ದು ಅಕ್ಸ್‌ಬ್ರಿಡ್ಜ್‌ನ ಆಫೀಸಿನ ಸಹೋದ್ಯೋಗಿಯೊಬ್ಬಳ ಒತ್ತಾಯಕ್ಕೆ. ವೇಷ ಹತ್ತೊಂಬತ್ತನೇ ಶತಮಾನದ್ದಾಗಿರಬೇಕು ಎಂಬುದೊಂದೇ ನಿಯಮವಾದರೆ ಇಳಕಲ್ ಸೀರೆ ಆಗಲೂ ಇತ್ತು ಎಂದು ವಾದಿಸಿ ಗೆದ್ದೆ. ಕಚ್ಚೆ ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ತಲೆಗೊಂದು ಟೋಪಿ ಇಟ್ಟು ನಿಂತರೆ ನೋಡಿದವರು ನಗುತ್ತಿದ್ದರು, ನಾನೂ ನಗುತ್ತಿದ್ದೆ.

ಮನೆಯಲ್ಲಿ ಮಾತ್ರ ಆಗ ನಗು ಕಡಿಮೆಯಾಗಿತ್ತು. ಹತ್ತು ವರ್ಷದ ಮಗಳು ಅಕ್ಷತಾ ನಮ್ಮ ಜೊತೆ ಊಟಕ್ಕೆ ಕೂರುವುದನ್ನೇ ಬಿಟ್ಟಿದ್ದಳು. ಕಾರಣ ನಾನೇ. ಅವಳು ಎಡಚಿ. ಬರೆಯುವುದು ಎಡಗೈಯಲ್ಲಿ, ಅದಕ್ಕೆ ಇಲ್ಲಿನ ಶಾಲೆಯವರು ಚಕಾರವೆತ್ತಲಿಲ್ಲ, ಆದರೆ ಅನ್ನಕ್ಕೆ, ಆರತಿಗೆ, ಹಿರಿಯರಿಗೆ ಏನಾದರೂ ಕೊಡುವುದಕ್ಕೆ ಎಡಗೈ ಮುಂದೆ ಬಂದರೆ ನನ್ನ ಬಾಯಿ ತಾನಾಗಿ ತೆರೆಯುತ್ತಿತ್ತು: "ಆ ಕೈ ಅಲ್ಲವಾ. ಬಲಗೈಲೆ." ಮೂರು ವರ್ಷ, ಎರಡು ಹೊತ್ತು, ಅದೇ ಮಾತು. ಒಂದು ದಿನ ಅವಳು ತಟ್ಟೆ ಎತ್ತಿಕೊಂಡು ಮಹಡಿಯ ತನ್ನ ಕೋಣೆಗೆ ಹೋದಳು, ಮರುದಿನವೂ ಹೋದಳು, ಆಮೇಲೆ ಅದೇ ರೂಢಿಯಾಯಿತು. ಕೂತು ಉಣ್ಣು ಎಂದು ಗದರಿದೆ, ರಮಿಸಿದೆ, ಟೀವಿ ಬಂದ್ ಮಾಡುತ್ತೇನೆಂದು ಹೆದರಿಸಿದೆ. ಜಗ್ಗಲಿಲ್ಲ. ಕನ್ನಡ ಪೂರ್ತಿ ತಿಳಿಯುತ್ತಿದ್ದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ, ಉತ್ತರಿಸುವುದನ್ನೂ ಕಡಿಮೆ ಮಾಡಿದ್ದಳು. ಎದುರಿನ ಖಾಲಿ ಕುರ್ಚಿ ನೋಡುತ್ತಾ ಉಣ್ಣುವುದು ನನಗೆ ಸಂಕಟವಾಗುತ್ತಿತ್ತು.

ಇತ್ತ ಶೂಟಿಂಗ್ ಕ್ಲಬ್ಬಿನಲ್ಲಿ ನನ್ನ ಗುಂಡುಗಳು ತಗಡನ್ನು ಬಿಟ್ಟು ಮಿಕ್ಕೆಲ್ಲ ಕಡೆ ಹೋಗುತ್ತಿದ್ದವು. ಕಲಿಸುತ್ತಿದ್ದವನು ಡೆರೆಕ್, ನಿವೃತ್ತ ಬಸ್ ಡ್ರೈವರ್, ಬಲು ತಾಳ್ಮೆಯ ಮನುಷ್ಯ. ಆತ ಒಂದು ಭಾನುವಾರ ಎರಡೂ ಅಂಗೈ ಸೇರಿಸಿ ಸಣ್ಣ ಕಿಂಡಿ ಮಾಡಿಸಿ, ಅದರೊಳಗಿಂದ ಗೋಡೆಯ ಗಡಿಯಾರ ನೋಡು, ಒಂದೊಂದೇ ಕಣ್ಣು ಮುಚ್ಚು ಎಂದ. ಎಡಗಣ್ಣು ಮುಚ್ಚಿದೊಡನೆ ಗಡಿಯಾರವೇ ಮಾಯ. "ಗುರಿ ಹಿಡಿಯುವುದು ನಿನ್ನ ಎಡಗಣ್ಣು, ಬಂದೂಕನ್ನು ಎಡ ಹೆಗಲಿಗೆ ಇಡಬೇಕು. ನೀನು ಎಡಗೈಯವಳೇ ಇರಬೇಕು, ಗೊತ್ತಿಲ್ಲವೇ?" ಎಂದು ಕೇಳಿದ. ಇಲ್ಲಪ್ಪ, ನಾನು ಬಲಗೈಯವಳು ಎಂದು ಖಡಾಖಂಡಿತವಾಗಿ ಹೇಳಿ ಬಂದೆ.

ಬಸ್ಸಿನಲ್ಲಿ ಕೂತ ಮೇಲೆ ನೆನಪಾಯಿತು. ಹಳೇ ಸೀರೆಯ ಅಂಚನ್ನು ಸೀಳಿ ಅವ್ವ ಊಟದ ಹೊತ್ತಿಗೆ ನನ್ನ ಎಡ ಮುಂಗೈಯನ್ನು ಲಂಗದ ಲಾಡಿಗೆ ಕಟ್ಟುತ್ತಿದ್ದಳು. ಪಾಟಿಯ ಮೇಲೆ ಎಡಗೈ ಆಡಿದರೆ ಸಾಲಿ ಮಾಸ್ತರರ ರೂಲುಪಟ್ಟಿ ಗೆಣ್ಣಿನ ಮೇಲೆ ಆಡುತ್ತಿತ್ತು. ಅವ್ವ ಕೆಟ್ಟವಳಲ್ಲ, ಕಟ್ಟುವಾಗ ಗಂಟು ಬಿಗಿಯಾಯಿತೇನೇ ಎಂದು ಕೇಳಿಯೇ ಕಟ್ಟುತ್ತಿದ್ದಳು. ನಾಲ್ಕನೇ ಇಯತ್ತೆಗೆ ಬರುವಷ್ಟರಲ್ಲಿ ನಾನು ಪಕ್ಕಾ ಬಲಗೈಯವಳಾಗಿದ್ದೆ. ಆಶ್ಚರ್ಯ ಅದಲ್ಲ, ಕಟ್ಟಿದ್ದನ್ನು ಇಷ್ಟು ವರ್ಷ ಪೂರ್ತಿ ಮರೆತಿದ್ದೆನಲ್ಲ, ಅದು. ಅಮೆರಿಕದ ಬಂದೂಕನ್ನು ಇಟಲಿಯವರು ನಕಲು ಮಾಡುತ್ತಾರೆ, ಅದರಲ್ಲಿ ಮೋಸವಿಲ್ಲ, ನಕಲೆಂದು ಹೇಳಿಯೇ ಮಾರುತ್ತಾರೆ. ನನ್ನ ಬಲಗೈ ಮಾತ್ರ ತಾನೇ ಅಸಲಿ ಎಂದುಕೊಂಡು ಮೂವತ್ತು ವರ್ಷ ಚಪಾತಿ ಲಟ್ಟಿಸಿತ್ತು.

ಕ್ಲಬ್ಬಿನಲ್ಲಿ ಹೊಸಬರ ಉಮೇದುವಾರಿ ಅವಧಿ ಮುಗಿದ ಮೇಲೆ, ಪರವಾನಗಿಗಾಗಿ ಪೊಲೀಸ್ ಅಧಿಕಾರಿ ಮನೆಗೆ ಬಂದು ಕಪಾಟು ಅಲುಗಾಡಿಸಿ ನೋಡಿ, ಕೀಲಿ ಎಲ್ಲಿದೆ ಎಂಬುದು ಗಂಡನಿಗೂ ಗೊತ್ತಿರಬಾರದು ಎಂದು ಎಚ್ಚರಿಸಿ ಹೋದರು. ತಮ್ಮ ಕಾಲುಚೀಲ ಎಲ್ಲಿದೆ ಎಂಬುದೂ ಗೊತ್ತಿಲ್ಲದ ನಮ್ಮ ಮನೆಯವರ ವಿಷಯದಲ್ಲಿ ಈ ಕಾನೂನು ಪಾಲಿಸುವುದು ಸುಲಭ. ಪರವಾನಗಿ ಬಂದ ಶನಿವಾರ ಅವರಿಗೆ ಶಿಫ್ಟ್ ಇದ್ದುದರಿಂದ ಅಕ್ಷುವನ್ನೂ ಕರೆದುಕೊಂಡು ಬಂದೂಕಿನ ಅಂಗಡಿಗೆ ಹೋದೆ.

ಅಂಗಡಿಯ ಮುದುಕ ಗಾಜಿನ ಮೇಜಿನ ಮೇಲೆ ಮೂರು ಇಟ್ಟ. ಮೊದಲನೆಯದು ಹಿತ್ತಾಳೆ ಮೈಯದು, ಉದ್ದ ನಳಿಗೆ, ಹುಣಸೆಹಣ್ಣು ಹಾಕಿ ತಿಕ್ಕಿದ ದೀಪದ ಹಾಗೆ ಹೊಳೆಯುತ್ತಿತ್ತು. ನಾನು ಮನಸ್ಸು ಮಾಡಿ ಬಂದದ್ದೂ ಅದಕ್ಕೇ. ಎತ್ತಿದರೆ ಮೂತಿ ನೆಲ ನೋಡುತ್ತಿತ್ತು, ಅಷ್ಟು ಭಾರ. ಎರಡನೆಯದು ಹಗುರ, ಆದರೆ ಹೊಸ ತರಹದ್ದು: ಗುಂಡು ಹಾರಿದ ಮೇಲೆ ಖಾಲಿ ತೋಟೆಯನ್ನು ಬಲಬದಿಗೆ ಚಿಮ್ಮುತ್ತದೆ, ಎಡ ಹೆಗಲಿಗಿಟ್ಟವರ ಮುಖದ ಮುಂದೆಯೇ ಹಾಯುತ್ತದೆ. ಮೂರನೆಯದು ಕಪ್ಪು ಉಕ್ಕಿನ ಸಾದಾ ಗಿಡ್ಡ ಬಂದೂಕು. ಹಳೆಯ ಮಾದರಿಯದಾದ್ದರಿಂದ ತೋಟೆಯನ್ನು ನೆಟ್ಟಗೆ ಮೇಲಕ್ಕೆ ಎಸೆಯುತ್ತದೆ, ಲಿವರ್ ಹೊಟ್ಟೆಯ ಕೆಳಗೆ ನಡುಮಧ್ಯೆ ಇದೆ. ಮೂರನ್ನೂ ಬಲ ಹೆಗಲಿಗೆ ಇಟ್ಟು ನೋಡಿದೆ, ಎಂದಿನಂತೆ ಕತ್ತು ಸೊಟ್ಟಗಾಯಿತು. ಡೆರೆಕ್ ಹೇಳಿದ್ದು ನೆನಪಾಗಿ, ಅತ್ತಿತ್ತ ನೋಡಿ, ಕಳ್ಳತನ ಮಾಡುವವಳ ಹಾಗೆ ಮೂರನೆಯದನ್ನು ಎಡ ಹೆಗಲಿಗೆ ತಂದೆ. ಕೆನ್ನೆ ಬಂದೂಕಿನ ಮರಕ್ಕೆ ತಾನಾಗಿ ಹತ್ತಿತು, ನಳಿಗೆಯ ತುದಿಯ ಗುರಿಮೊಳೆ ಕಣ್ಣಿಗೆ ನೇರ ಬಂತು.

"ಆ ಕೈ ಅಲ್ಲವಾ. ಬಲಗೈಲೆ."

ಮೂಲೆಯ ಸ್ಟೂಲಿನಲ್ಲಿ ಕೂತಿದ್ದ ಅಕ್ಷು ಹೇಳಿದಳು. ಕನ್ನಡದಲ್ಲಿ, ನನ್ನದೇ ಎಳೆತ, ನನ್ನದೇ ಬೇಸರ, ಒಂದಕ್ಷರ ಹೆಚ್ಚುಕಡಿಮೆಯಿಲ್ಲದೆ. ಮುಖದಲ್ಲಿ ತಮಾಷೆ ಇರಲಿಲ್ಲ. ನಾನು ಬಂದೂಕನ್ನು ಮೇಜಿನ ಮೇಲಿಟ್ಟೆ. ಏನೆಂದಳು ಎಂದು ಮುದುಕ ಕೇಳಿದ, ತಪ್ಪು ಕೈ ಎನ್ನುತ್ತಿದ್ದಾಳೆ ಎಂದೆ. ಆತ ಅವಳ ಕಡೆ ತಿರುಗಿ, ಈ ಬಂದೂಕಿಗೆ ಯಾವ ಕೈಯಾದರೂ ನಡೆಯುತ್ತದಮ್ಮ ಎಂದು ಗಂಭೀರವಾಗಿ ತಿಳಿಸಿದ.

"ಟೆಲ್ ಹರ್ ದಟ್," ಎಂದಳು ಅಕ್ಷು.

ಮೂರನೆಯದನ್ನೇ ಕೊಂಡೆ. ಕಾರಿನಲ್ಲಿ ಅವಳಿಗೆ ಸೀರೆ ಅಂಚಿನ ಕಥೆ ಹೇಳಿದೆ, ರೂಲುಪಟ್ಟಿಯ ಕಥೆಯನ್ನೂ ಹೇಳಿದೆ. ನೋವಾಗಿತ್ತಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಆಗಿತ್ತು ಎಂದೆ. ಹಾಗಾದರೆ ನನಗ್ಯಾಕೆ ಮಾಡಿದೆ ಎಂದಳು. ದೇವರು, ನೈವೇದ್ಯ, ಊರಿಗೆ ಹೋದಾಗ ನಾಲ್ಕು ಜನ ಏನೆಂದಾರು, ಎಲ್ಲ ಉತ್ತರವೂ ನನ್ನ ಹತ್ತಿರವಿತ್ತು. ಅವನ್ನೆಲ್ಲ ಬಿಟ್ಟು, "ನಂದ ತಪ್ಪಾತವಾ, ಅಕ್ಷು," ಎಂದೆ. ಕಣ್ಣು ಒದ್ದೆಯಾಗಿ ಮುಂದಿನ ಸಿಗ್ನಲ್ ಮಸುಕಾಯಿತು. ಅವಳು "ಓಕೆ" ಎಂದು ಕಿಟಕಿಯಾಚೆ ನೋಡತೊಡಗಿದಳು. ಓಕೆ ಎಂದರೆ ಏನೆಂದು ನನಗೆ ತಿಳಿಯಲಿಲ್ಲ.

ಸಂಜೆ ಊಟಕ್ಕೆ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ. ಅವಳು ಎಂದಿನಂತೆ ತಟ್ಟೆ ಹಿಡಿದು ಮೆಟ್ಟಿಲ ಕಡೆ ಹೊರಟಳು. ನಾನು ತಡೆಯಲಿಲ್ಲ. ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಎಡಗೈಯಿಂದ ರೊಟ್ಟಿ ಮುರಿಯಲು ಕೂತೆ. ಬಂದೂಕಿಗೆ ಒಗ್ಗಿದ ಕೈ ಊಟಕ್ಕೂ ಒಗ್ಗೀತು ಎಂದುಕೊಂಡಿದ್ದೆ. ಒಗ್ಗಲಿಲ್ಲ. ರೊಟ್ಟಿ ತಟ್ಟೆಯಲ್ಲೇ ಸುತ್ತಿತು, ಪಲ್ಯ ಸೀರೆಯ ಮೇಲೆ ಬಿತ್ತು, ನಮ್ಮ ಮನೆಯವರು ಗಾಬರಿಯಾಗಿ "ಕೈಗೇನಾತ?" ಎಂದರು. ಅಕ್ಷು ಮೂರನೇ ಮೆಟ್ಟಿಲಲ್ಲಿ ನಿಂತು ನೋಡುತ್ತಿದ್ದಳು. ಆಮೇಲೆ ಇಳಿದು ಬಂದು ಎದುರಿನ ಕುರ್ಚಿಯಲ್ಲಿ ಕೂತು, "ನಾಟ್ ಲೈಕ್ ದಟ್, ಮಮ್," ಎಂದು ಎಡಗೈಯ ಎರಡು ಬೆರಳಿನಿಂದ ರೊಟ್ಟಿಯನ್ನು ಒತ್ತಿ ಹಿಡಿದು, ಹೆಬ್ಬೆರಳಿನಿಂದ ಅಂಚು ಮುರಿದು ತೋರಿಸಿದಳು. ಮೂರು ಸಲ ತೋರಿಸಿದಳು. ನನಗೆ ಅರ್ಧ ರೊಟ್ಟಿಯೂ ಮುಗಿಯಲಿಲ್ಲ. ಅವಳು ಎರಡು ತಿಂದಳು.