ಕೊಟ್ಟ ಮನೆಯ ಜಡ್ಡು

ಸಿಂದಗಿಯ ಕಾಲೇಜಿನಲ್ಲಿ ನಾನು ಜೀವಶಾಸ್ತ್ರ ಕಲಿಸಲು ಹಿಡಿದು ಇಪ್ಪತ್ತು ವರ್ಷ ದಾಟಿತು. ಡಿಎನ್‌ಎ ಪಾಠ ನನಗೆ ಬಾಯಿಪಾಠ. ಅದರ ಎರಡೂ ಎಳೆ ಒಟ್ಟಿಗೆ ತುಂಡಾದಾಗ ತುದಿಗೆ ತುದಿ ಸೇರಿಸಿಬಿಡಬಹುದು, ಆದರೆ ತಪ್ಪುಗಳು ಉಳಿಯುತ್ತವೆ. ಜಾಣ ದಾರಿ ಬೇರೆ. ಜೀವಕೋಶ ಅದೇ ಡಿಎನ್‌ಎಯ ಇನ್ನೊಂದು ಪ್ರತಿಯನ್ನು ಹುಡುಕಿ, ಪಕ್ಕಕ್ಕಿಟ್ಟುಕೊಂಡು, ಕಳೆದದ್ದನ್ನು ನೋಡಿ ಬರೆದುಕೊಳ್ಳುತ್ತದೆ. ಅಂಡಾಣು, ವೀರ್ಯಾಣು ತಯಾರಾಗುವಾಗ ತಾಯಿ ಕಡೆಯ ಮತ್ತು ತಂದೆ ಕಡೆಯ ವರ್ಣತಂತುಗಳು ತುಣುಕು ಬದಲಿಸಿಕೊಳ್ಳುವುದೂ ಇದೇ ದಾರಿಯಲ್ಲಿ. ಹೋಮೋಲೋಗಸ್ ರಿಕಾಂಬಿನೇಷನ್ ಎಂದು ಹೆಸರು ಬರೆಸಿ, ಚಿತ್ರ ತೆಗೆಸಿ, ಮುಂದಿನ ಪಾಠಕ್ಕೆ ಹೋಗುತ್ತಿದ್ದೆ.

ಹೋದ ವರ್ಷ ನನ್ನ ತಂಗಿಗೆ ಸ್ತನ ಕ್ಯಾನ್ಸರ್ ಆಯಿತು. ವಿಜಯಪುರದ ಡಾಕ್ಟರು ನನ್ನನ್ನು ಕೇಳಿದರು: "ನಿಮ್ಮ ಮನ್ಯಾಗ ಮೊದಲ ಯಾರಿಗರೆ ಆಗಿತ್ತೇನ್ರಿ?"

"ಯಾರಿಗೂ ಇಲ್ರಿ." ಅವ್ವನ ಕಡೆಯವರನ್ನೆಲ್ಲ ಬೆರಳು ಮಡಚಿ ಎಣಿಸಿಯೇ ಹೇಳಿದ್ದೆ.

"ನಿಮ್ಮ ಅಪ್ಪಾರ ಅಕ್ಕ-ತಂಗ್ಯಾರಿಗೆ?"

"ಮುದ್ದೇಬಿಹಾಳದ ಅತ್ತಿ, ಬಾಗೇವಾಡಿ ಅತ್ತಿ ಇಬ್ರೂ ಎದಿ ಗಂಟಾಗೇ ಹೋದ್ರು. ಆದ್ರ ಅವರು ಕೊಟ್ಟ ಹೆಣ್ಮಕ್ಕಳ್ರಿ. ಅದು ಆ ಮನಿಗಳ ಜಡ್ಡು."

ಡಾಕ್ಟರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ನಾನೇನು ಅಂದೆ ಎಂಬುದು ನನಗೆ ಆಗಲೇ ಕೇಳಿಸಿದ್ದು. ನಮ್ಮಲ್ಲಿ ರೂಢಿಯೇ ಹಾಗೆ. ಮಗಳನ್ನು ಕೊಟ್ಟ ಮೇಲೆ ಅವಳ ಸುಖ, ದುಃಖ, ಕಾಯಿಲೆ, ಸಾವು ಎಲ್ಲ ಆ ಮನೆಯವರದು. ಅಜ್ಜಿ ಹೀಗೆ ಹೇಳಿದ್ದರೆ ಒಪ್ಪಬಹುದಿತ್ತು. ನಾನು ಎಂ.ಎಸ್ಸಿ. ಮಾಡಿದವಳು!

ತಂಗಿಯ ರಕ್ತ ಪರೀಕ್ಷೆಯಲ್ಲಿ ವಿಷಯ ಹೊರಬಿತ್ತು. ತುಂಡಾದ ಡಿಎನ್‌ಎಗೆ ಸರಿಯಾದ ಪ್ರತಿ ಹುಡುಕಿಕೊಡುವ ಪ್ರೋಟೀನಿನ ಜೀನಿನಲ್ಲೇ ದೋಷ; ಆ ದುರಸ್ತಿ ತಪ್ಪಿದರೆ ಕ್ಯಾನ್ಸರಿಗೆ ದಾರಿ. ಅಪ್ಪ ಎಂಬತ್ತರವರೆಗೆ ಗಟ್ಟಿಮುಟ್ಟಾಗಿದ್ದು ಹೋದ, ಆದರೂ ಇಬ್ಬರು ಅತ್ತೆಯರಿಗೆ ಆದದ್ದು ನೋಡಿದರೆ ಅದು ಅವನಿಂದಲೇ ಅವಳಿಗೆ ದಾಟಿತ್ತು. ನನ್ನ ರಕ್ತದಲ್ಲಿ ಆ ದೋಷ ಕಾಣಲಿಲ್ಲ. ಖುಷಿಯಾಯಿತು, ಖುಷಿಯಾದದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಇನ್ನು ಉಳಿದವಳು ಅಪ್ಪನ ಕೊನೆಯ ತಂಗಿ, ಇಂಡಿಗೆ ಕೊಟ್ಟ ಸಣ್ಣತ್ತೆ. ಫೋನಿನಲ್ಲಿ ಹೇಳುವ ಮಾತಲ್ಲವೆಂದು ಭಾನುವಾರ ಬಸ್ಸು ಹತ್ತಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ಹಿಟ್ಟಿನ ಕೈಯಲ್ಲೇ ಕೇಳಿಸಿಕೊಂಡಳು. ಕಡೆಗೆ ಹಂಚಿನ ಮೇಲಿದ್ದ ರೊಟ್ಟಿ ತೆಗೆದಿಟ್ಟು, ಒಲೆ ಆರಿಸಿ, ನನ್ನ ಕೈ ಹಿಡಿದು ಸೆರಗಿನೊಳಗೆ ಎದೆಗೆ ಒತ್ತಿಕೊಂಡಳು. ಬೆರಳಿಗೆ ಗಂಟು ಸಿಕ್ಕಿತು. ಕಡಲೆಕಾಳಿಗಿಂತ ದೊಡ್ಡದು.

"ದೀಪಾವಳಿಯಿಂದ ಐತಿ," ಎಂದಳು.

"ಯಾಕ ಹೇಳ್ಲಿಲ್ಲ ಅತ್ತಿ?"

"ಯಾರಿಗೆ ಹೇಳ್ಲಿ? ಇಲ್ಲಿ ಹೇಳಿದ್ರ ತವರಿನ ಜಡ್ಡು ತಂದಾಳ ಅಂತಾರ. ತವರಿಗೆ ಹೇಳಿದ್ರ ಅದು ಆ ಮನಿದು ಅಂತೀರಿ. ನೀನ ಕಲ್ತಾಕಿ, ನೀನ ಹೇಳವ್ವ. ಇದು ಯಾರ ಮನಿದು?"

"ನಮ್ಮ ಮನಿದು ಅತ್ತಿ," ಎಂದೆ. "ನಡಿ, ವಿಜಯಪುರದ ಡಾಕ್ಟರಿಗೆ ತೋರ್ಸೂಣು."

ಅವಳು ಕೈ ತೊಳೆದು, ಚೀಲಕ್ಕೆ ಎರಡು ಸೀರೆ ಹಾಕಿಕೊಂಡಳು. ಹಬ್ಬ, ಬಾಣಂತನ ಬಿಟ್ಟು ಬೇರೆ ಕಾರಣಕ್ಕೆ ತವರಿನವರು ಅವಳನ್ನು ಕರೆದೊಯ್ದದ್ದು ಅದೇ ಮೊದಲು. ಮಧ್ಯಾಹ್ನದ ವಿಜಯಪುರ ಬಸ್ಸಿನಲ್ಲಿ ಅವಳಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು.