ಹಾಸಿನ ಗಂಜಿ, ಡಬ್ಬಿಯ ಪುಡಿ

ನಿಮ್ಮ ಅಜ್ಜ ಕೊನೆಯ ವರ್ಷ ರೊಟ್ಟಿ ಬಿಟ್ಟಿದ್ದು ನಿಮಗೆ ನೆನಪಿರಬಹುದು. ಯಾಕೆ ಬಿಟ್ಟರೆಂದು ನಾನು ಯಾರಿಗೂ ಹೇಳಿಲ್ಲ. ಬಾಯಿಬಿಟ್ಟು ಹೇಳಲು ನನ್ನಿಂದ ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹೊಟ್ಟೆಯ ಆಪರೇಷನ್ ಆದ ಮೇಲೆ ಅವರು ತೀರ ಸೊರಗಿದ್ದರು. ಇಳಕಲ್ಲಿನ ನಮ್ಮ ಮನೆಯ ಕುಣಿಮಗ್ಗದ ಗುಂಡಿಯಲ್ಲಿ ನೇಯಲು ಇಳಿದು ಕೂತರೆ ಏಳಲು ನನ್ನ ಹೆಗಲು ಬೇಕಾಗುತ್ತಿತ್ತು. ಬಾಗಲಕೋಟೆಯ ಡಾಕ್ಟರು, "ಪ್ರೋಟೀನ್ ಕಡಿಮಿ ಐತಿ. ಬ್ಯಾಳಿ, ಕಾಳು, ಮೊಸರು ಚೊಲೊತ್ನಂಗ ತಿನ್ನಿಸ್ರಿ" ಎಂದಿದ್ದರು. ನಾನು ಮಡಿಕೆಕಾಳು ಮೊಳಕೆ ಕಟ್ಟಿದೆ, ಶೇಂಗಾ ಕುಟ್ಟಿದೆ. ಎರಡು ತುತ್ತು ತಿಂದು ತಾಟು ಸರಿಸುತ್ತಿದ್ದರು.

ಆಗ ಬಾದಾಮಿ ಊರಿನಿಂದ ನನ್ನ ನಾದಿನಿ ದೊಡ್ಡದೊಂದು ಡಬ್ಬಿ ತಂದಳು.

"ವೈನಿ, ಇದರಾಗ ಬರೇ ಪ್ರೋಟೀನ್ ಐತಿ. ನಮ್ಮ ಓಣ್ಯಾಗ ನಾನ ಮಾರ್ತೇನಿ. ಅಣ್ಣಗ ಮಾತ್ರ ಪುಕಟ."

"ಹಂಗಾದ್ರ ನಿಮ್ಮ ವೈನಿ ರೊಟ್ಟಿ ಬಡಿಯೋ ಸಪ್ಪಳ ತಪ್ಪಿತು ನೋಡವಾ" ಎಂದು ಅವರು ನಕ್ಕರು. ಬಹಳ ದಿನಗಳ ಮೇಲೆ ನಕ್ಕಿದ್ದರು.

ಅಂದಿನಿಂದ ಮೂರು ಹೊತ್ತೂ ಅದೇ. ಊಟಕ್ಕೆ ಕರೆದರೆ, "ಎಲ್ಲಾ ಅದರಾಗ ಐತಲ್ಲ" ಎನ್ನುವರು.

ತಣ್ಣನೆಯ ಹಾಲಿಗೆ ಕಲಸಿ ಕೊಡುತ್ತಿದ್ದೆ. ಒಂದು ದಿನ ಚಳಿ ಎಂದರು, ನೀರಿಗೆ ಹಾಕಿ ಒಲೆಯ ಮೇಲಿಟ್ಟೆ. ಕುದಿ ಬರುವಷ್ಟರಲ್ಲಿ ಸೌಟು ಬಿಗಿಯಾಯಿತು. ಆ ಬಿಗಿ ನನ್ನ ಕೈಗೆ ಗೊತ್ತು. ಮದುವೆಯಾಗಿ ಬಂದಾಗಿನಿಂದ, ಮಗ್ಗಕ್ಕೆ ಉದ್ದಕ್ಕೆ ಹೂಡುವ ಹಾಸಿನ ನೂಲು ಹರಿಯದಿರಲೆಂದು ಹಚ್ಚುವ ಜೋಳದ ಗಂಜಿ ಕಾಯಿಸಿದವಳು ನಾನು. ಡಬ್ಬಿ ತಿರುವಿ ಓದಿದೆ. ಪ್ರೋಟೀನ್ ಎಂದು ದೊಡ್ಡ ಅಕ್ಷರದಲ್ಲಿತ್ತು, ಹಿಟ್ಟು ಎಂಬ ಮಾತು ಎಲ್ಲಿಯೂ ಇರಲಿಲ್ಲ. ಒಂದೆಳೆ ನೂಲನ್ನು ಪಾತ್ರೆಯಲ್ಲಿ ಅದ್ದಿ ಕಿಟಕಿಗೆ ಕಟ್ಟಿದೆ. ಮಧ್ಯಾಹ್ನಕ್ಕೆ ಕಡ್ಡಿಯಂತೆ ಸೆಟೆದಿತ್ತು.

"ಜರಾ ರೊಟ್ಟೀನೂ ತಿನ್ರಿ" ಎಂದೆ. "ಆ ಪುಡಿ ಕುದಿಸಿದ್ರ ಗಂಜಿಯಂಗ ಸೌಟು ಬಿಗಿ ಹಿಡಿತೈತಿ, ನನಗ್ಯಾಕೋ ಸಂಶೇ ಐತಿ."

"ಡಬ್ಬಿ ಮ್ಯಾಲ ಅಚ್ಚ ಹಾಕಿದ್ದು ಸುಳ್ಳು, ನಿನ್ನ ಸೌಟು ಖರೆ ಏನು? ನೋಡಿಲ್ಲಿ, ಕೈಯಾಗ ಕಸುವು ಬಂದೈತಿ" ಎಂದು ನನ್ನ ಮುಂಗೈ ಹಿಡಿದರು. ಆ ಹಿಡಿತದಲ್ಲಿ ಏನೂ ಇರಲಿಲ್ಲ. "ಹೌದ್ರಿ" ಎಂದೆ.

ಪ್ರೋಟೀನೂ ಕುದಿಸಿದರೆ ಹೀಗೇ ಗಟ್ಟಿಯಾಗುತ್ತದೆಯೋ ಏನೋ, ನನಗೆ ತಿಳಿಯದು. ಡಾಕ್ಟರನ್ನೇ ಕೇಳೋಣವೆಂದು ಮುಂದಿನ ಸಲ ಪುಡಿಯನ್ನೂ ಆ ಎಳೆಯನ್ನೂ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದೆ. ನಾದಿನಿಯೂ ದವಾಖಾನೆಗೆ ಬಂದಿದ್ದಳು, ಅಣ್ಣನ ಕಾಲು ಒತ್ತುತ್ತ ಕೂತಿದ್ದಳು.

"ಮತ್ತೇನರ ಕೇಳೋದೈತೇನಬೇ?" ಎಂದರು ಡಾಕ್ಟರು.

ಗಂಟಿನ ಮೇಲೆ ಕೈ ಇತ್ತು. ಅವಳ ಮುಖ ನೋಡಿದೆ. "ಏನಿಲ್ರಿ" ಎಂದೆ.

ಎರಡು ತಿಂಗಳಿಗೆ ಅವರು ಹೋದರು. ರೋಗವೇ ದೊಡ್ಡದಿತ್ತು, ಏನು ತಿಂದರೂ ಅಷ್ಟೇ ಎಂದು ಎಲ್ಲರೂ ಸಮಾಧಾನ ಹೇಳಿದರು. ಇರಬಹುದು. ಆದರೆ ನಾನು ಕಟ್ಟಿದ ಮೊಳಕೆ ಆ ಎರಡು ತಿಂಗಳೂ ದನದ ಬಾಯಿಗೆ ಹೋಯಿತು.

ನಾದಿನಿ ಈಗಲೂ ಬಂದಾಗ ಮಗ್ಗದ ಕುಣಿಯ ಅಂಚಿಗೆ ಕೂತು ಅಳುತ್ತಾಳೆ. ಪ್ರತಿ ಸಲವೂ ಒಂದೇ ಮಾತು ಕೇಳುತ್ತಾಳೆ.

"ವೈನಿ, ನಾ ತಂದ ಪುಡಿ ಅಣ್ಣ ಪೂರಾ ಕುಡದನಲ್ಲ?"

"ಪೂರಾ ಕುಡದ್ರವಾ" ಎನ್ನುತ್ತೇನೆ.